ನೀರು ಕುಡಿದ ಹಲಗೆ

ನನ್ನ ಸೋದರತ್ತೆಗೆ ವಯಸ್ಸಾಗಿರಲಿಲ್ಲ. ಹಲಗೆ ನೀರು ಕುಡಿದಿತ್ತು.

ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಏಕೆಂದರೆ ನಮ್ಮ ಊರಿನ ಕಟ್ಟೆಯ ಮೇಲೆ ಕೂತವರು ಆ ದಿನದ ಮಾತು ಬಂದಾಗಲೆಲ್ಲ, "ಮುದುಕಿ ಕೈಯಾಗ ಹರಗೋಲ ಕೊಟ್ರ ಇನ್ನೇನಾಗ್ತದ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅವರು ಆಗ ಅಲ್ಲಿರಲಿಲ್ಲ. ನಾನಿದ್ದೆ. ಹಲಗೆಯ ಮೇಲೆ ಮುಂದಿನ ಹೆಜ್ಜೆ ಇಡಬೇಕಾದವಳು ನಾನೇ ಆಗಿದ್ದೆ.

ನಮ್ಮದು ತಿಂಥಣಿಗೆ ಹತ್ತಿರದ ಹೊಳೆದಂಡೆಯ ಊರು. ಊರಿನೆದುರು ಕೃಷ್ಣೆಯ ನಡುವೆ ಒಂದು ನಡುಗಡ್ಡೆ ಇದೆ. ಅಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಾರೆ. ಹೊಲ ನಾಲ್ಕೈದು ಮನೆಯವರದು, ಕೂಲಿಗೆ ಹೋಗುವವರು ನಮ್ಮ ಓಣಿಯ ಹೆಂಗಸರು. ಅವರನ್ನು ಹರಿಗೋಲಿನಲ್ಲಿ ದಾಟಿಸುವವಳು ನನ್ನ ಅತ್ತೆ. ಅವಳ ಗಂಡ ನಸುಕಿಗೇ ಬಲೆ ಹೊತ್ತು ಕೆಳಗಿನ ಮಡುಗಳ ಕಡೆ ಹೋಗುತ್ತಾನೆ, ಹರಿಗೋಲು ಅತ್ತೆಯದೇ. ನಾನು ಬಿ.ಎಸ್ಸಿ. ಓದಿ ಸುರಪುರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೇನೆ. ರಜೆ ಬಂದರೆ ಓಣಿಯವರ ಜೊತೆ ನಾನೂ ನಡುಗಡ್ಡೆಗೆ ಹೋಗುತ್ತೇನೆ. ಹೋಗದಿದ್ದರೆ ಅವ್ವ ಒಬ್ಬಳೇ ಎರಡು ಹೊರೆ ಕಟ್ಟಿಗೆ ಹೊರಬೇಕಾಗುತ್ತದೆ.

ನಮ್ಮ ಕಡೆಯ ದಂಡೆ ಬಂಡೆಯದು. ಅಂಚು ಗರಗಸದ ಹಲ್ಲಿನ ಹಾಗಿದೆ. ಹರಿಗೋಲನ್ನು ನೇರವಾಗಿ ತಂದು ನಿಲ್ಲಿಸಿದರೆ ಅದರ ತಳ ಹರಿದುಹೋಗುತ್ತದೆ. ಅದಕ್ಕೆ ದಂಡೆಯಿಂದ ಆರೇಳು ಅಡಿ ಆಚೆ ನೀರಿನಿಂದ ತಲೆಯೆತ್ತಿರುವ ಒಂದು ಗುಂಡುಬಂಡೆಗೆ ಹರಿಗೋಲು ಹಚ್ಚುತ್ತಾರೆ. ಗುಂಡುಬಂಡೆಗೂ ದಂಡೆಗೂ ನಡುವೆ ಹಲಗೆ ಹಾಕಿ ದಾಟಬೇಕು. ಆ ಸಂದಿನಲ್ಲಿ ನೀರು ಇಕ್ಕಟ್ಟಾಗಿ, ಸದ್ದು ಮಾಡುತ್ತ ಓಡುತ್ತದೆ. ಸ್ವಲ್ಪ ಕೆಳಗೆ ಮಡು. ಮಡುವಿನ ಪಕ್ಕದ ಮರಳಿನಲ್ಲಿ ಮೊಸಳೆ ಬಿಸಿಲು ಕಾಯುವುದನ್ನು ನೋಡಿಯೇ ನಾವೆಲ್ಲ ಬೆಳೆದಿದ್ದೇವೆ.

ಮೊದಲು ಅಲ್ಲಿ ಬೇವಿನ ಹಲಗೆ ಇತ್ತು. ಅದನ್ನು ಹಾಕುವುದು, ತೆಗೆಯುವುದು ಅತ್ತೆಯ ಭಾವನ ಕೆಲಸ. ಭಾವ ಎಂದರೆ ಅವಳ ಗಂಡನ ಅಣ್ಣ. ಅವನೂ ಅವನ ಮಗನೂ ಸೇರಿ ಎತ್ತಿದರೆ ಮಾತ್ರ ಅದು ಅಲುಗುತ್ತಿತ್ತು. ಹಾಕಿಯೇ ಬಿಟ್ಟುಹೋಗುವಂತಿಲ್ಲ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೊಚ್ಚಿಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಇಬ್ಬರು ಗಂಡಸರು ಬೇಕು, ಸಂಜೆ ಇಬ್ಬರು ಗಂಡಸರು ಬೇಕು. ಭಾವ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ದಾರಿಯಲ್ಲಿ ಸಿಕ್ಕವರೊಡನೆ ಮಾತಾಡಿ ಬರುವವರೆಗೆ ಹನ್ನೆರಡು ಹೆಂಗಸರು ಬುತ್ತಿಗಂಟು ಹಿಡಿದು ಬಂಡೆಯ ಮೇಲೆ ಕೂತಿರಬೇಕು. ತಡವಾಗಿ ಹೋದರೆ ಹೊಲದವರು "ನಾಳಿ ಬರ್ರಿ" ಎಂದು ತಿರುಗಿ ಕಳಿಸುತ್ತಿದ್ದರು. ಸಂಜೆ ದಣಿದು ಬಂದು ಗುಂಡುಬಂಡೆಯ ಮೇಲೆ ನಿಂತು, "ಭಾವಾರ, ಹಲಗಿ ಹಾಕ ಬರ್ರೀ" ಎಂದು ಅತ್ತೆ ಕೂಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೂಗಿದ ಮೇಲೆ ಅವಳು ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಂದು ಸಂಕ್ರಾಂತಿಯ ಮರುವಾರ ನಾನೂ ಅತ್ತೆಯೂ ಶಹಾಪುರಕ್ಕೆ ಹೋಗಿದ್ದೆವು. ಗುಜರಿ ಅಂಗಡಿಯಲ್ಲಿ ಹಳೆಯ ಏಣಿ ಸಿಕ್ಕೀತೇ ಎಂದು ಅತ್ತೆ ಹುಡುಕುತ್ತಿದ್ದಳು. ಗೋಡೆಗೆ ಒರಗಿಸಿದ್ದ ಬೆಳ್ಳನೆಯ ಹಲಗೆಯೊಂದನ್ನು ಪಕ್ಕಕ್ಕೆ ಸರಿಸಲು ಹೋಗಿ, ಅದು ತಾನಾಗಿಯೇ ಎದ್ದು ಬಂದಂತೆ ಕೈಗೆ ಬಂದಾಗ ಹೆದರಿ ಬಿಟ್ಟುಬಿಟ್ಟಳು. ಎಂಟಡಿ ಉದ್ದ, ಎರಡಡಿ ಅಗಲ, ಎರಡು ಬೆರಳು ದಪ್ಪ.

ಅಂಗಡಿಯವನು ನಕ್ಕ. "ಅವ್ವಾರ, ಅಂಜಬ್ಯಾಡ್ರಿ. ಒಂದ ಕೈಲೆ ಎತ್ರಿ."

"ಒಳಗ ಏನೂ ಇಲ್ಲೇನ್ರಿ? ಗಾಳಿ ತುಂಬೀರೇನು?"

"ಬರಾಬರ್ ಗಾಳೀನ. ಕಾಲುವಿ ಕೆಲಸದ ಕ್ಯಾಂಪಿನಾಗ ಲಾರಿ ಮ್ಯಾಲ ತಂದಿಡೋ ಆಫೀಸ್ ಡಬ್ಬಿ ಇರ್ತಾವಲ್ರಿ, ಅದರ ನೆಲ ಇದು. ಸಾಹೇಬ್ರು ಬೂಟ ಹಾಕ್ಕೊಂಡು ಇದರ ಮ್ಯಾಲ ತಿರಗ್ಯಾರ."

"ನಿಮ್ಮ ಸಾಹೇಬ್ರು ತಲಿ ಮ್ಯಾಲ ಕಟಗಿ ಹೊರಿ ಹೊತ್ತಿದ್ರೇನು?" ಎಂದು ಅತ್ತೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಓದಿದಾಕಿ, ಹೇಳವ್ವ. ಇದು ತಡೀತದೇನು?" ಎಂದಳು.

ನಾನು ಹಲಗೆಯ ಅಂಚನ್ನು ನೋಡಿದೆ. ಮೇಲೊಂದು ಕೆಳಗೊಂದು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಜೇನುಗೂಡಿನಂತೆ ಸಾಲುಸಾಲು ಆರು ಮೂಲೆಯ ಕೋಣೆಗಳು. ಆ ಕೋಣೆಗಳ ಗೋಡೆ ಅಂಟಿನಲ್ಲಿ ಅದ್ದಿ ಒಣಗಿಸಿದ ಗಟ್ಟಿ ಕಾಗದದ್ದು. ಓದಿದ್ದು ನೆನಪಿಗೆ ಬಂತು. ಎರಡು ಹಾಳೆಗಳನ್ನು ಆ ಗೂಡು ದೂರ ದೂರ ಹಿಡಿದು ನಿಲ್ಲಿಸುತ್ತದೆ, ಅಂಟು ಮೂರನ್ನೂ ಬಿಗಿದಿರುತ್ತದೆ. ಮೂರೂ ಒಂದಾಗಿರುವಷ್ಟು ಕಾಲ ಅದು ಮಣಭಾರ ತಡೆಯುತ್ತದೆ. "ವಿಮಾನದಾಗ ಇಂಥದ್ದ ಹಾಕ್ತಾರತ್ತಿ, ಮಜಬೂತ್ ಅದ" ಎಂದೆ. ಗಟ್ಟಿ ದನಿಯಲ್ಲೇ ಹೇಳಿದೆ. ಆ ಮಾತು ತಪ್ಪಾಗಿರಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆ ಬೇರೆಯದಿತ್ತು. ಕ್ಯಾಂಪಿನಲ್ಲಿದ್ದಾಗ ಆ ಅಂಚಿಗೆ ಸುತ್ತಲೂ ಲೋಹದ ಪಟ್ಟಿಯ ಮುಚ್ಚಳ ಇದ್ದಿರಬೇಕು. ಅದನ್ನು ಬೇರೆ ಮಾರಲು ಯಾರೋ ಕಿತ್ತುಕೊಂಡಿದ್ದರು. ಗೂಡಿನ ಬಾಯಿ ಎಂಟಡಿ ಉದ್ದಕ್ಕೂ ತೆರೆದೇ ಇತ್ತು. ಅದನ್ನು ನೋಡಿ ನಾನು ಎಷ್ಟು ಚೆಂದ ಎಂದುಕೊಂಡೆನೇ ಹೊರತು ಇದು ಹೊಳೆಗೆ ಹೋಗುವ ವಸ್ತು ಎಂದು ಯೋಚಿಸಲಿಲ್ಲ.

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಹಲಗೆಯ ಎರಡೂ ತುದಿಗೆ ಹಗ್ಗ ಕಟ್ಟಲು ನಾಲ್ಕು ತೂತು ಹಾಕಿಸಿದೆವು. ಅಂಚಿಗೆ ಅಂಟುಪಟ್ಟಿ ಸುತ್ತಿದೆವು. ತೂತು ಹಾಕುವಾಗ ಹಲಗೆ ಹಿಡಿದುಕೊಂಡವಳು ನಾನು.

ಮರುದಿನ ಸಂಜೆ ಗುಂಡುಬಂಡೆಯ ಮೇಲೆ ಅತ್ತೆ ಹಲಗೆಯನ್ನು ನಿಲ್ಲಿಸಿ, ಮೇಲಿನ ತುದಿಯ ಹಗ್ಗ ಹಿಡಿದು, ಬಾವಿಗೆ ಕೊಡ ಇಳಿಬಿಡುವಂತೆ ಮೆಲ್ಲಗೆ ದಂಡೆಯ ಕಡೆ ಇಳಿಬಿಟ್ಟಳು. ಹಲಗೆ ಹೋಗಿ ಬಂಡೆಯ ಮೇಲೆ ಕೂತಿತು. ದಂಡೆಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಹನ್ನೆರಡು ಜನ ಒಬ್ಬೊಬ್ಬರಾಗಿ ದಾಟಿದೆವು. ಹಲಗೆ ಕಾಲ ಕೆಳಗೆ ಸ್ವಲ್ಪ ಬಳುಕುತ್ತಿತ್ತು, ಅಷ್ಟೇ. ನಮ್ಮ ಎದುರುಮನೆಯ ಅಕ್ಕ, ಮಾತಿನಲ್ಲಿ ಯಾರಿಗೂ ಸೋಲದವಳು, ಅದರ ನಡುವೆ ನಿಂತು ಎರಡು ಸಲ ಕುಣಿದೂ ತೋರಿಸಿದಳು.

ಸದ್ದು ಕೇಳಿ ಭಾವ ಬಂದ. ಹಲಗೆಯನ್ನು ಕಾಲಿನಿಂದ ತಟ್ಟಿ ನೋಡಿದ.

"ತಗಡ ತಂದೀರಿ. ನಮ್ಮ ಹೊಳಿ ಬೇವಿಂದು ಕೇಳ್ತದ, ತಗಡಿಂದು ಕೇಳಂಗಿಲ್ಲ."

"ಹೊಳಿ ಏನ್ ಕೇಳ್ತದೋ ಗೊತ್ತಿಲ್ಲ ಭಾವಾರ" ಎಂದಳು ಎದುರುಮನೆಯ ಅಕ್ಕ. "ನಿಮ್ಮ ಚಾ ಆಗೂತನಕ ಕಾಯೋದು ಮಾತ್ರ ತಪ್ಪಿತು ನೋಡ್ರಿ."

ಆ ಬೇಸಿಗೆ, ಆ ಮಳೆಗಾಲ ನಡುಗಡ್ಡೆಗೆ ಒಂದು ದಿನವೂ ತಡವಾಗಲಿಲ್ಲ. ಪಕ್ಕದ ಓಣಿಯ ಹೆಂಗಸರೂ ಬರತೊಡಗಿದರು. ಅತ್ತೆ ಯಾರನ್ನೂ ಕೂಗಬೇಕಾಗಿರಲಿಲ್ಲ. ಹಲಗೆಯನ್ನು ಹರಿಗೋಲಿನೊಳಗೇ ಇಟ್ಟುಕೊಂಡು ಹೋಗುತ್ತಿದ್ದಳು, ಅದರಲ್ಲೇ ತರುತ್ತಿದ್ದಳು. ಹುಟ್ಟಿನಿಂದ ಸಿಡಿದದ್ದು, ಹತ್ತುವವರ ಕಾಲಿನೊಡನೆ ಬಂದದ್ದು ಸೇರಿ ಹರಿಗೋಲಿನ ತಳದಲ್ಲಿ ಯಾವಾಗಲೂ ಎರಡು ಬೆರಳು ನೀರು ಇದ್ದೇ ಇರುತ್ತದೆ. ಹಲಗೆ ಆ ನೀರಿನಲ್ಲಿ ದಿನವಿಡೀ ಮಲಗಿರುತ್ತಿತ್ತು. ಅದು ಅಲ್ಲಿ ಏನು ಮಾಡುತ್ತಿದೆ ಎಂದು ನಾನಾಗಲೀ, ಅತ್ತೆಯಾಗಲೀ ಯೋಚಿಸಲಿಲ್ಲ.

ಶ್ರಾವಣದ ಹೊತ್ತಿಗೆ ಅತ್ತೆ ಹಲಗೆಯನ್ನು ಎರಡು ಕೈಯಲ್ಲಿ ಎತ್ತತೊಡಗಿದ್ದಳು. ದಸರೆಯ ಹೊತ್ತಿಗೆ ಎತ್ತುವ ಮುಂಚೆ ಒಮ್ಮೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ಇಳಿಬಿಡುವಾಗ ಹಗ್ಗ ಅಂಗೈ ಕೊಯ್ಯುತ್ತದೆಂದು ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.

"ಯಾಕತ್ತಿ, ಆರಾಮ ಇಲ್ಲೇನು?" ಎಂದು ಕೇಳಿದೆ.

"ವಯಸ್ಸಾತು ತಂಗೀ. ಮದಲಿನ ಕಸುವು ಎಲ್ಲಿಂದ ಬರ್ತದ?"

ಅವಳಿಗೆ ಐವತ್ತೂ ಆಗಿರಲಿಲ್ಲ. ಆದರೂ ನಾನು ಹೌದೆಂದುಕೊಂಡೆ. ಅವ್ವ ಅವಳಿಗೆ ಹಾಲು ಕುಡಿ ಎಂದಳು. ಗಂಡ ಸೊಂಟಕ್ಕೆ ಹಚ್ಚುವ ಎಣ್ಣೆ ತಂದುಕೊಟ್ಟ. ಕಟ್ಟೆಯಲ್ಲಿ ಭಾವ, "ನಮ್ಮ ತಮ್ಮನ ಹೇಣ್ತಿ ಹಣ್ಣಾಗ್ಯಾಳ. ಸುಮ್ಮ ಜಿದ್ದಿಗೆ ಬಿದ್ದಾಳ" ಎಂದ. ಒಬ್ಬರೂ, ಪ್ರಯೋಗಾಲಯದಲ್ಲಿ ದಿನಾ ತಕ್ಕಡಿ ಒರೆಸುವ ನಾನೂ, ಹಲಗೆಯನ್ನು ತೂಗಿ ನೋಡಲಿಲ್ಲ. ಹೆಂಗಸಿನ ತೋಳು ಸೋಲುತ್ತದೆ ಎಂಬುದನ್ನು ನಂಬುವುದು ನಮಗೆ ಅಷ್ಟು ಸುಲಭವಾಗಿತ್ತು.

ದೀಪಾವಳಿ ಕಳೆದ ಮೇಲೆ ಹರಿಗೋಲಿಗೆ ಡಾಂಬರು ಬಳಿಯುವುದು ಅತ್ತೆಯ ಮನೆಯ ಪದ್ಧತಿ. ಬಿದಿರಿನ ಬುಟ್ಟಿಯಂಥ ಅದರ ಮೈಗೆ ಹೊದಿಸಿದ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಕಾಯಿಸಿದ ಡಾಂಬರು ಸವರಿ, ಬಂಡೆಯ ಮೇಲೆ ಬೋರಲು ಹಾಕಿ ಒಣಗಿಸುತ್ತಾರೆ. ಅಲ್ಲಿಂದ ಒಂದು ವರ್ಷ ತಳದಿಂದ ನೀರು ಜಿನುಗುವುದಿಲ್ಲ. ಆ ವರ್ಷ ಡಾಂಬರು ಒಂದಿಷ್ಟು ಉಳಿಯಿತು. ಅತ್ತೆ ಹಲಗೆಯ ಮೈಗೆಲ್ಲ ಬಳಿದಳು. ಅಂಚಿನ ಅಂಟುಪಟ್ಟಿ ಬಿಚ್ಚಿಹೋಗಿದ್ದ ಜಾಗಕ್ಕೂ, ಹಗ್ಗದ ತೂತುಗಳಿಗೂ ಕಡ್ಡಿಯಿಂದ ತುರುಕಿ ತುಂಬಿದಳು.

"ನಿಮ್ಮ ಓದಿನ ಪ್ರಕಾರ ಇದು ಬರಾಬರ್ ಅದೇನು?" ಎಂದಳು.

"ಬರಾಬರ್ ಅದ ಅತ್ತಿ. ಇನ್ನ ನೀರು ಹೋಗಂಗಿಲ್ಲ" ಎಂದೆ.

ಹೋಗಬೇಕಾದ ನೀರೆಲ್ಲ ಆಗಲೇ ಒಳಗೆ ಹೋಗಿ ಕೂತಿತ್ತು. ನಾವು ಬಳಿದ ಡಾಂಬರು ಅದರ ಬಾಯಿ ಮುಚ್ಚಿತು. ಹರಿಗೋಲಿಗೆ ಸರಿಯಾದ ಮದ್ದು ಹಲಗೆಗೆ ವಿಷವಾಯಿತು. ಹರಿಗೋಲಿಗೆ ಹೊಟ್ಟೆಯೊಳಗೆ ಕೋಣೆಗಳಿಲ್ಲ. ಬೋರಲು ಹಾಕಿದರೆ ನೀರೆಲ್ಲ ಬಸಿದುಹೋಗುತ್ತದೆ. ಹಲಗೆಯೊಳಗೆ ಸಾವಿರಾರು ಪುಟ್ಟ ಕೋಣೆಗಳು, ಒಂದೊಂದರಲ್ಲೂ ಒಂದೊಂದು ಗುಟುಕು ನೀರು. ಕಾಗದದ ಗೋಡೆ ನೆನೆದು ಮೆತ್ತಗಾಗುತ್ತಿತ್ತು, ಹಾಳೆಗೂ ಗೂಡಿಗೂ ನಡುವಿನ ಅಂಟು ಹಿಡಿತ ಬಿಡುತ್ತಿತ್ತು.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಬಂಡೆಯ ಮೇಲೆ ಬರಿಗಾಲು ಇಟ್ಟರೆ ಬೊಬ್ಬೆ ಬರುತ್ತದೆ. ಕೆಲಸವಿಲ್ಲದ ದಿನ ಅತ್ತೆ ಹಲಗೆಯನ್ನು ಹರಿಗೋಲಿನ ಪಕ್ಕದಲ್ಲೇ ಬಂಡೆಯ ಮೇಲೆ ಒಣಹಾಕುತ್ತಿದ್ದಳು. ಮೊದಲು ಬೆಳ್ಳಗಿದ್ದದ್ದು ಈಗ ಕರ್‍ರಗಿತ್ತು, ಬಿಸಿಲನ್ನೆಲ್ಲ ಹೀರಿಕೊಳ್ಳುತ್ತಿತ್ತು. ಒಂದು ದಿನ ನಾವು ಬೇವಿನ ನೆರಳಲ್ಲಿ ಕೂತು ಉಣ್ಣುತ್ತಿದ್ದಾಗ ಹಲಗೆಯೊಳಗಿಂದ ಪಟ್, ಪಟ್ ಎಂದು ಸದ್ದು ಬಂತು. ಹೋಗಿ ನೋಡಿದರೆ ನಡುಭಾಗದಲ್ಲಿ ಮೇಲಿನ ಹಾಳೆ ತಟ್ಟೆಯಗಲಕ್ಕೆ ಉಬ್ಬಿಕೊಂಡಿತ್ತು.

"ನೋಡವ್ವ, ಹಲಗಿ ರೊಟ್ಟಿ ಆಗ್ಯಾದ!" ಎಂದು ಎದುರುಮನೆಯ ಅಕ್ಕ ಚಪ್ಪಾಳೆ ತಟ್ಟಿದಳು. "ಉಬ್ಬೇದ ನೋಡು, ನಮ್ಮನ್ಯಾಗಿನ ಅತ್ತಿ ಕೈಲಿ ಸುದ್ದಾ ಇಂಥ ರೊಟ್ಟಿ ಆಗಂಗಿಲ್ಲ. ಪುಂಡಿಪಲ್ಯ ತರ್ರೇ!"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಬಿಸಿಯಾದ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಹಾಳೆಯನ್ನು ಗೂಡಿನಿಂದ ಕಿತ್ತು ಮೇಲಕ್ಕೆ ತಳ್ಳಿದೆ ಎಂದು ಈಗ ಎರಡು ಸಾಲಿನಲ್ಲಿ ಬರೆಯಬಲ್ಲೆ. ಆಗ ನಕ್ಕೆ. ಆ ವಾರ ಅತ್ತೆ ಊರಿಗೆ ಬಂದ ಪಾತ್ರೆ ರಿಪೇರಿಯವನಿಂದ ಉಬ್ಬನ್ನು ಸುತ್ತಿಗೆಯಲ್ಲಿ ತಟ್ಟಿಸಿ, ಏಳೆಂಟು ಮೊಳೆ ಹೊಡೆಸಿ, ಮೊಳೆಯ ತಲೆಗೆ ಮತ್ತೆ ಡಾಂಬರು ಬಳಿದಳು. ಹೊಸ ಏಳೆಂಟು ತೂತು. ನೋಡಲು ಮಟ್ಟಸವಾಯಿತು. ಒಳಗೆ ಆ ಜಾಗದಲ್ಲಿ ಹಾಳೆ ಬೇರೆ, ಗೂಡು ಬೇರೆ ಆಗಿದ್ದವು. ಅಲ್ಲಿ ನಮ್ಮ ಕಾಲ ಕೆಳಗೆ ಉಳಿದಿದ್ದದ್ದು ತೆಳು ತಗಡು ಮಾತ್ರ.

ಅಂದು ಭಾನುವಾರ. ನಡುಗಡ್ಡೆಯಲ್ಲಿ ಹತ್ತಿಗಿಡ ಕಿತ್ತು ಹೊಲ ಹದ ಮಾಡುತ್ತಿದ್ದರು. ಕಿತ್ತ ಹತ್ತಿಕಟ್ಟಿಗೆಯನ್ನು ಒಲೆಗೆಂದು ಹೊರೆ ಕಟ್ಟಿಕೊಂಡು ಹೊರಟೆವು. ಕೆಳಗಿನ ಊರುಗಳ ಕುಡಿಯುವ ನೀರಿಗಾಗಿ ಮೇಲಿನಿಂದ ನೀರು ಬಿಟ್ಟಿದ್ದರು. ಗುಂಡುಬಂಡೆಯ ಸಂದಿನಲ್ಲಿ ನೀರು ಬೇಸಿಗೆಯಂತಿರಲಿಲ್ಲ, ನೊರೆ ಕಟ್ಟಿಕೊಂಡು ಓಡುತ್ತಿತ್ತು. ಹೊತ್ತು ಇನ್ನೂ ಇತ್ತು, ಬಿಸಿಲು ಓರೆಯಾಗಿ ನೀರಿನ ಮೇಲೆ ಬಿದ್ದಿತ್ತು.

ಅತ್ತೆ ಹಲಗೆ ಇಳಿಬಿಟ್ಟಳು. ನಾಲ್ಕು ಜನ ದಾಟಿದರು. ಐದನೆಯವಳು ಎದುರುಮನೆಯ ಅಕ್ಕ, ಅವಳ ಹಿಂದೆ ನಾನು. "ಒಬ್ಬೊಬ್ಬರ" ಎಂದು ಅತ್ತೆ ಎಂದಿನಂತೆ ಕೂಗಿದಳು. ಅಕ್ಕ ತಲೆಯ ಮೇಲೆ ಹೊರೆ ಹೊತ್ತು, ಹಿಂದೆ ತಿರುಗದೆಯೇ, "ಹಲಗಿ ಮ್ಯಾಲ ಕುಣೀಲೇನು ಇವತ್ತೂ?" ಎಂದಳು. ನಾನು ಏನೋ ಹೇಳಲು ಬಾಯಿ ತೆರೆದೆ.

ಆ ಸದ್ದನ್ನು ಹೇಗೆ ಬರೆಯಲಿ. ಮುರಿದ ಸದ್ದಲ್ಲ. ಮರ ಮುರಿಯುವ ಸದ್ದು ನನಗೆ ಗೊತ್ತು, ಅದು ಮೊದಲು ನರಳುತ್ತದೆ, ಎಚ್ಚರಿಸುತ್ತದೆ. ಇದು ಒದ್ದೆ ಬಟ್ಟೆಯನ್ನು ಬಂಡೆಗೆ ಒಂದೇ ಸಲ ಬಡಿದಂತಿತ್ತು. ಮೇಲಿನ ಹಾಳೆ ಮೊಳೆಗಳ ಸಾಲಿನಲ್ಲಿ ಮಡಿಚಿ ಮೇಲೆದ್ದಿತು. ಹಲಗೆ ಪುಸ್ತಕ ಮುಚ್ಚಿದ ಹಾಗೆ ನಡುವಿಗೆ ಮಡಚಿಕೊಂಡಿತು. ಅಕ್ಕ ಇದ್ದ ಜಾಗದಲ್ಲಿ ಅಕ್ಕ ಇರಲಿಲ್ಲ. ಹೊರೆ ಒಂದು ಸುತ್ತು ತಿರುಗಿ ಮಡುವಿನ ಕಡೆ ಹೋಯಿತು.

ನಾನು ನಿಂತೇ ಇದ್ದೆ. ಇದನ್ನು ಯಾರೂ ನನ್ನ ಬಾಯಿ ಬಿಡಿಸಿ ಹೇಳಿಸಿಲ್ಲ, ನಾನೇ ಹೇಳುತ್ತಿದ್ದೇನೆ. ತಲೆಯ ಮೇಲಿನ ಹೊರೆಯನ್ನು ಕೂಡ ಇಳಿಸದೆ ನಿಂತೇ ಇದ್ದೆ. ಪ್ರಯೋಗಾಲಯದಲ್ಲಿ ಗಾಜು ಬಿದ್ದ ಸದ್ದಿಗೆ ಇವತ್ತಿಗೂ ನನಗೆ ಅದೇ ಆಗುತ್ತದೆ. ಕಾಲು ಕಲ್ಲಾಗುತ್ತದೆ, ಕಣ್ಣೆದುರು ಆ ಹಾಳೆ ಏಳುತ್ತದೆ.

ಅತ್ತೆ ನಿಲ್ಲಲಿಲ್ಲ. ಗುಂಡುಬಂಡೆಯ ಮೇಲೆ ಮುಗ್ಗರಿಸಿ ಬಿದ್ದವಳಂತೆ ಕಂಡಳು, ಬಿದ್ದಿರಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಒಂದು ಕೈಯಿಂದ ಬಂಡೆಯ ಬಿರುಕು ಹಿಡಿದು, ಇನ್ನೊಂದನ್ನು ನೀರಿಗೆ ಹಾಕಿ ಅಕ್ಕನ ಕುಪ್ಪಸದ ಬೆನ್ನು ಹಿಡಿದಿದ್ದಳು. ನೀರು ಅಕ್ಕನನ್ನು ಎಳೆಯುತ್ತಿತ್ತು. ಅಕ್ಕನ ಕಾಲು ಮಡಚಿದ ಹಲಗೆಗೂ ಬಂಡೆಗೂ ನಡುವೆ ಸಿಕ್ಕಿತ್ತು. "ನನ್ನ ಕಡೆ ನೋಡು, ನೀರಿನ ಕಡೆ ನೋಡಬ್ಯಾಡ, ನನ್ನ ಕಡೆ ನೋಡು" ಎಂದು ಅತ್ತೆ ಒಂದೇ ಸಮ ಹೇಳುತ್ತಿದ್ದಳು. ದಂಡೆಯಲ್ಲಿದ್ದವರ ಕಿರುಚಾಟ ಕೇಳಿ ಭಾವ, ಅವನ ಮಗ ಬೇವಿನ ಹಲಗೆ ಹೊತ್ತು ಓಡಿ ಬಂದು ಹಾಕಿ, ಅದರ ಮೇಲೆ ಮಂಡಿಯೂರಿ ಅಕ್ಕನನ್ನು ಎಳೆದುಕೊಳ್ಳುವವರೆಗೆ ಅತ್ತೆ ಆ ಒಂದು ಕೈ ಬಿಡಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮನೆಯಿಂದ ಹಲಗೆ ಹೊತ್ತು ಓಡಿ ಬರುವಷ್ಟು ಹೊತ್ತು. ಆಮೇಲೆ ಕುಪ್ಪಸದಿಂದ ಅವಳ ಬೆರಳುಗಳನ್ನು ನಾವೇ ಒಂದೊಂದಾಗಿ ಬಿಡಿಸಬೇಕಾಯಿತು.

ಅಕ್ಕನ ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಯಾದಗಿರಿಯ ಆಸ್ಪತ್ರೆಗೆ ಒಯ್ದರು. ಮೂರನೆಯ ದಿನ ನಾನು ನೋಡಲು ಹೋದಾಗ ಕಾಲಿಗೆ ಪಟ್ಟಿ ಹಾಕಿಕೊಂಡು ಮಲಗಿದ್ದಳು.

"ಹೊರಿ ಸಿಕ್ತೇನು?" ಎಂದಳು.

"ಇಲ್ಲಕ್ಕ."

"ಮೊಸಳಿ ಮನ್ಯಾಗ ಒಲಿ ಹಚ್ಚ್ಯಾರ ಹಂಗಾದ್ರ." ಆಮೇಲೆ, "ಕಟ್ಟಿ ಮ್ಯಾಲ ಏನಂತಾರ?" ಎಂದು ಕೇಳಿದಳು. ನಾನು ಹೇಳಿದೆ. ಮರುದಿನ ಎಲ್ಲರೂ ಸೇರುತ್ತಾರೆ, ಅತ್ತೆಯ ಕೈಯಿಂದ ಹರಿಗೋಲು ಬಿಡಿಸಿ ಭಾವನಿಗೆ ಕೊಡುತ್ತಾರೆ ಎಂದು. ಅಕ್ಕ ಮುಖ ತಿರುಗಿಸಿದಳು. "ಅಂಥಾ ಕೈ ಅವರಿಗೆ ಯಾರಿಗಾರ ಅದ ಏನು ಕೇಳಿ ಬಾ" ಎಂದಳು.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ಮುರಿದ ಹಲಗೆಯ ಅರ್ಧ ಭಾಗ ಬಂಡೆಗೆ ಸಿಕ್ಕಿ ಉಳಿದಿತ್ತು. ಅದರ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಾಲೇಜಿಗೆ ಒಯ್ದು ತೂಗಿದೆ. ಒಣಗಿಸುವ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟು ಮತ್ತೆ ತೂಗಿದೆ. ಅರ್ಧಕ್ಕರ್ಧ ಇಳಿದಿತ್ತು. ಅರ್ಧ ತುಂಡು ಹಲಗೆ, ಅರ್ಧ ಕೃಷ್ಣಾ ನದಿ. ತಕ್ಕಡಿಯ ಮುಂದೆ ಕೂತು ನಾನು ಅತ್ತೆಯ ಸೊಂಟದ ಎಣ್ಣೆಯನ್ನು ನೆನೆದೆ, ಅಂಗೈಗೆ ಸುತ್ತಿದ ಬಟ್ಟೆಯನ್ನು ನೆನೆದೆ. ವರ್ಷವಿಡೀ ಅವಳು ಒಂದು ಹಲಗೆಯಲ್ಲ, ಎರಡು ಹಲಗೆಯ ಭಾರ ಎತ್ತಿದ್ದಳು. ಎತ್ತುತ್ತಲೇ ತನಗೆ ವಯಸ್ಸಾಯಿತು ಎಂದು ಒಪ್ಪಿಕೊಂಡಿದ್ದಳು.

ಮರುದಿನ ಹೊತ್ತು ಏರುವ ಮುಂಚೆ ಕಟ್ಟೆಯ ಮುಂದೆ ಎಲ್ಲರೂ ಸೇರಿದರು. ಅತ್ತೆ ಸೆರಗು ಹೊದ್ದು ನೆಲದ ಮೇಲೆ ಕೂತಿದ್ದಳು. ಅವಳ ಗಂಡ ಅವಳ ಹಿಂದೆ ನಿಂತಿದ್ದ.

ಭಾವನೇ ಮೊದಲು ಮಾತಾಡಿದ. "ನಾ ಏನೂ ಹೊಟ್ಟಿಕಿಚ್ಚಿಗಿ ಅನ್ನಾಕತ್ತಿಲ್ಲ. ಆಕಿ ನಮ್ಮನಿ ಸೊಸಿ. ವಯಸ್ಸಾಗ್ಯಾದ, ಕಸುವು ಇಲ್ಲ. ಹಲಗಿ ಬರಾಬರ್ ಇಳಿಬಿಡಲಿಲ್ಲ, ಬಿತ್ತು. ನಾಳಿ ಯಾರರ ಸತ್ರ ಯಾರು ಜವಾಬು ಕೊಡ್ತಾರ?"

ಕಟ್ಟೆಯ ಹಿರಿಯರೊಬ್ಬರು ನನ್ನನ್ನು ಕರೆದರು. "ಬಾ ತಂಗಿ, ನೀ ಓದಿದಾಕಿ. ಒಂದು ಕಾಗದ ಬರಿ. ವಯಸ್ಸಾದ ಕಾರಣ ಹರಗೋಲ ಹಾಕೋ ಕೆಲಸ ಬಿಟ್ಟೀನಿ ಅಂತ. ಆಕಿ ಹೆಬ್ಬೆಟ್ಟು ಒತ್ತಲಿ. ತಕರಾರಿಲ್ದ ಮುಗೀತದ."

ಕಾಗದ, ಪೆನ್ನು ನನ್ನ ಕೈಗೆ ಬಂತು. ನನ್ನ ಓದು ನಮ್ಮ ಊರಿಗೆ ಬೇಕಾದದ್ದು ಅದೇ ಮೊದಲು. ಅದೂ ಇದಕ್ಕೆ.

"ಬರಿಯಂಗಿಲ್ರಿ" ಎಂದೆ.

"ಯಾಕ?"

"ಸುಳ್ಳದ."

ಗುಸುಗುಸು ಎದ್ದಿತು.  ಕಣ್ಣೆದುರು ಆ ತಗಡಿನ ಹಾಳೆ ಮಡಿಚಿ ಏಳುತ್ತಲೇ ಇತ್ತು. ಆದರೂ ಎದ್ದು ಹೋಗಿ, ನಾನೂ ಅವ್ವನೂ ಬೆಳಿಗ್ಗೆ ಹೊತ್ತು ತಂದು ಗೋಡೆಗೆ ಒರಗಿಸಿದ್ದ ಮುರಿದ ಹಲಗೆಯನ್ನು ಎಳೆದು ತಂದು ಹಿರಿಯರ ಕಾಲ ಮುಂದೆ ಹಾಕಿದೆ.

"ಎತ್ರಿ ಇದನ್ನ. ಅರ್ಧ ಅದ. ಅತ್ತಿ ದಿನಾ ಪೂರ್ತಿದ್ದು ಎತ್ತಾಕತ್ತಿದ್ಲು."

ಭಾವನ ಮಗ ಬಂದು ಒಂದು ಕೈಯಲ್ಲಿ ಎತ್ತಲು ಹೋದ. ಎದ್ದಿತು, ಆದರೆ ಮುಖ ಕೆಂಪಾಯಿತು. ಒಂದಿಬ್ಬರು ನಕ್ಕರು. ಮೀನು ತೂಗುವ ಮುಳ್ಳಿನ ತಕ್ಕಡಿಯನ್ನು ಅತ್ತೆಯ ಗಂಡ ತಾನಾಗಿಯೇ ಹೋಗಿ ತಂದು ಬೇವಿನ ಕೊಂಬೆಗೆ ಕಟ್ಟಿದ. ಅರ್ಧ ಹಲಗೆ ತೂಗಿದೆವು. ಶಹಾಪುರದಲ್ಲಿ ಇಡೀ ಹಲಗೆ ಎಷ್ಟಿತ್ತು ಎಂಬುದು ಅತ್ತೆಗೆ ನೆನಪಿತ್ತು, ಗುಜರಿಯವನು ತೂಕದ ಮೇಲೆಯೇ ಕೊಟ್ಟಿದ್ದ, ಹನ್ನೊಂದು ಕಿಲೋ. ಮುಳ್ಳು ಅರ್ಧಕ್ಕೇ ಆ ಗೆರೆಯನ್ನು ದಾಟಿ ನಿಂತಿತು.

ಗರಗಸ ತಂದು ನಡುವಿಗೆ ಕೊಯ್ದೆ. ಡಾಂಬರು ಹರಿದೊಡನೆ ನೀರು ಬಂತು. ಚಿಮ್ಮಲಿಲ್ಲ, ಗಾಯದಿಂದ ಬರುವ ಹಾಗೆ ಬಂತು. ಕಂದು ಬಣ್ಣದ, ಕೊಳೆತ ಕಾಗದದ ವಾಸನೆಯ ನೀರು, ಕಟ್ಟೆಯ ಕಲ್ಲಿನ ಮೇಲೆ ಹರಿದು ಹಿರಿಯರ ಚಪ್ಪಲಿಯ ಕಡೆ ಹೋಯಿತು. ಅವರು ಕಾಲು ಮೇಲೆತ್ತಿಕೊಂಡರು. ಒಳಗಿನ ಗೂಡನ್ನು ಬೆರಳಿನಿಂದ ಒತ್ತಿದೆ. ನೆನೆದ ರೊಟ್ಟಿಯಂತೆ ಕುಸಿಯಿತು.

"ಅತ್ತಿಗಿ ವಯಸ್ಸಾಗಿಲ್ಲ. ಇದರ ವಜನ್ ಏರೇದ. ತೂತು ಹಾಕ್ಸುವಾಗ ಹಿಡಕೊಂಡಾಕಿ ನಾನು. ಡಾಂಬರು ಬರಾಬರ್ ಅದ ಅಂದಾಕಿ ನಾನು. ಉಬ್ಬಿದಾಗ ನಕ್ಕಾಕಿ ನಾನು. ಕಾಗದ ಬರೀಬೇಕಂದ್ರ ಇದನ್ನ ಬರೀತೀನಿ, ನನ್ನ ಸಹಿನೂ ಹಾಕ್ತೀನಿ. ಆದ್ರ ಆಕಿ ಕೈ ಸೋತದ ಅಂತ ನನ್ನ ಕೈಲಿಂದ ಬರಿಸಬ್ಯಾಡ್ರಿ. ಆ ಕೈ ಏನ್ ಮಾಡ್ತು ಅನ್ನೋದು ನಾ ನಿಂತು ನೋಡೀನಿ."

 ಆಗ ಅತ್ತೆ ಎದ್ದಳು. ಇಷ್ಟು ಹೊತ್ತು ಅವಳು ಕಟ್ಟೆಯ ಕಡೆ ನೋಡಿರಲಿಲ್ಲ, ಹರಿಯುತ್ತಿದ್ದ ನೀರನ್ನೇ ನೋಡುತ್ತಿದ್ದಳು. ಬಗ್ಗಿ ಹಲಗೆಯ ತುಂಡೊಂದನ್ನು ಒಂದು ಕೈಯಲ್ಲಿ ಎತ್ತಿ, ತೂಗಿ ನೋಡಿದಂತೆ ಮಾಡಿ, ಕೆಳಗೆ ಹಾಕಿದಳು. ಮತ್ತೊಮ್ಮೆ ಎತ್ತಿದಳು. ಅವಳ ಮುಖದಲ್ಲಿ ಬಂದದ್ದನ್ನು ಸಂತೋಷ ಎನ್ನಲಾರೆ. ಸಿಟ್ಟು ಬಂದಿತ್ತು.

"ವರ್ಷ ಆತು, ನಾ ಮುದುಕ್ಯಾದೆ ಅನ್ಕೊಂಡು ಮಕ್ಕೊಳ್ಳಾಕತ್ತಿದ್ದೆ" ಎಂದಳು. "ಹೆಬ್ಬೆಟ್ಟ ಒತ್ತಂಗಿಲ್ರಿ. ಭಾವಾರ, ನೀವು ಓಡಿ ಬಂದ್ರಿ, ಜೀವ ಉಳೀತು. ಅದನ್ನ ಮರಿಯಂಗಿಲ್ಲ. ನಿಮ್ಮ ಬೇವಿನ ಹಲಗಿ ನಾಕು ದಿನ ಕೊಡ್ರಿ."

"ಕೊಟ್ರ ಎತ್ತಾವ್ರು ಯಾರು?" ಎಂದ ಭಾವ.

"ನಾವ ಎತ್ತತೀವಿ" ಎಂದಳು ನನ್ನ ಅವ್ವ, ಹಿಂದಿನಿಂದ.

ಮರುದಿನ ಬೆಳಿಗ್ಗೆ ಆರು ಹೆಂಗಸರು ಸೇರಿ ಬೇವಿನ ಹಲಗೆ ಎತ್ತಿದರು. ಮೂರು ಜನ ಒಂದು ತುದಿಗೆ, ಮೂರು ಜನ ಇನ್ನೊಂದು ತುದಿಗೆ. ಬೈದುಕೊಂಡು, ಕಾಲು ಜಾರಿ, ಒಬ್ಬಳ ಬೆರಳು ಜಜ್ಜಿಸಿಕೊಂಡು ಎತ್ತಿದರು. ಸಂಜೆ ಮಾತ್ರ ಕಷ್ಟವಾಗುತ್ತಿತ್ತು, ಗುಂಡುಬಂಡೆಯ ಮೇಲಿನವರಿಗೆ ಹಲಗೆಯ ತುದಿ ಎಟುಕಿಸಲು ಮೂವರು ಕೂಲಿ ಬಿಟ್ಟು ದಂಡೆಯಲ್ಲೇ ಉಳಿಯಬೇಕಾಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಅತ್ತೆ ಮತ್ತೆ ಶಹಾಪುರಕ್ಕೆ ಹೊರಟು ನಿಂತಳು. ಅದೇ ಗುಜರಿ ಅಂಗಡಿಗೆ, ಅಂಥದೇ ಹಲಗೆಗೆ. ಅವ್ವ ಬೇಡವೆಂದಳು. ಕಟ್ಟೆಯವರು ಇವಳಿಗೆ ಹುಚ್ಚು ಹಿಡಿದಿದೆ ಎಂದರು. ನಾನು ಜೊತೆಗೆ ಹೋದೆ. ತಪ್ಪು ಆ ವಸ್ತುವಿನದಾಗಿರಲಿಲ್ಲ, ಅದನ್ನು ಅರಿಯದೆ ನೀರಿಗೆ ಹಾಕಿದ ನಮ್ಮದು. ಅದನ್ನು ಅರಿತ ಮೇಲೂ ಹೆದರಿ, ಇಬ್ಬರು ಗಂಡಸರ ಹಲಗೆಗೆ ಹಿಂತಿರುಗಬೇಕೆಂದರೆ ನಾನು ಒಪ್ಪುವುದಿಲ್ಲ.

ಈ ಸಲ ಅಂಚಿನ ಲೋಹದ ಪಟ್ಟಿ ಕಿತ್ತಿರದ ಹಲಗೆಯನ್ನೇ ಆರಿಸಿದೆವು. ತೂತು ಹಾಕಿಸಲಿಲ್ಲ, ಹಗ್ಗವನ್ನು ಸುತ್ತಲೂ ಬಿಗಿದು ಉರುಳಿನಂತೆ ಕಟ್ಟಿದೆವು. ಪಟ್ಟಿಯ ಮೂಲೆಗಳನ್ನು ಎರಡು ಟ್ಯೂಬಿನಲ್ಲಿ ಬರುವ, ಕಲಸಿದರೆ ಕಲ್ಲಾಗುವ ಅಂಟಿನಿಂದ ಮುಚ್ಚಿದೆವು. ಹರಿಗೋಲಿನಲ್ಲಿ ಅದನ್ನು ಎರಡು ಬಿದಿರಿನ ಮೇಲೆ, ತಳದ ನೀರು ತಾಗದಂತೆ ಇಡುತ್ತಾಳೆ. ಡಾಂಬರಿನ ಬಕೀಟು ಅದರ ಹತ್ತಿರ ಸುಳಿಯುವಂತಿಲ್ಲ. ಸೋಮವಾರಕ್ಕೊಮ್ಮೆ ಹೊರಡುವ ಮುಂಚೆ ಎಲ್ಲರ ಮುಂದೆ ತೂಗುತ್ತೇವೆ. ಅರ್ಧ ಕಿಲೋ ಏರಿದರೂ ಆ ಹಲಗೆ ಆ ದಿನವೇ ಗುಜರಿಗೆ ವಾಪಸು ಎಂದು ಅತ್ತೆ ಸಾರಿದ್ದಾಳೆ.

 ದಾಟುವಾಗ ನಡುವಿಗೆ ಬಂದರೆ ನನಗೆ ಇನ್ನೂ ಆ ಒದ್ದೆ ಬಟ್ಟೆಯ ಸದ್ದು ಕೇಳುತ್ತದೆ. ಕೇಳಿದಷ್ಟು ಸಲವೂ ದಾಟಿದ್ದೇನೆ, ಒಂದು ರಜೆಯನ್ನೂ ತಪ್ಪಿಸಿಲ್ಲ. ಎದುರುಮನೆಯ ಅಕ್ಕ ಕೋಲೂರಿಕೊಂಡು ಬಂಡೆಯವರೆಗೆ ಬಂದು ಕೂರುತ್ತಾಳೆ, ಕಾಲು ಬಲಿತ ಮೇಲೆ ಬರುತ್ತೇನೆ ಎನ್ನುತ್ತಾಳೆ.

ಅತ್ತೆಗೆ ಅಂಕಿ ಓದಲು ಬರುವುದಿಲ್ಲ. ನಾನು ಕಾಲೇಜಿಗೆ ಹೋಗುವ ಸೋಮವಾರಗಳಲ್ಲಿ ಮುಳ್ಳು ನೋಡಿ ಹೇಳುವವರು ಬೇಕು. ಮೊದಮೊದಲು, ಏರಿದ್ದರೆ ಹಿಡಿಯೋಣ ಎಂದೇ ಭಾವ ಬಂದು ನಿಲ್ಲುತ್ತಿದ್ದ. ಈಗ ಅವನೇ ಕರೆಯದೆ ಬರುತ್ತಾನೆ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡುತ್ತಾನೆ. ಹೋದ ಸೋಮವಾರ ಕಾಲೇಜಿಗೆ ರಜೆ ಇತ್ತು, ನಾನೂ ಬಂಡೆಯ ಮೇಲಿದ್ದೆ.

"ಏನ್ರಿ ಭಾವಾರ, ಮುದುಕ್ಯಾಗೀನೇನು?" ಎಂದು ಅತ್ತೆ ಕೇಳಿದಳು.

ಭಾವ ಮತ್ತೊಮ್ಮೆ ಮುಳ್ಳು ನೋಡಿದ. "ಹೋದ ವಾರದಷ್ಟ ಅದ" ಎಂದ, ಅದೂ ಬೇಸರದಿಂದಲೇ. "ಬಿಸಿಲೇರಾಕತ್ತದ. ನಡಿ ಇನ್ನ."

ಅತ್ತೆ ಹಲಗೆಯನ್ನು ತಕ್ಕಡಿಯಿಂದ ಬಿಡಿಸಿ, ಒಂದು ಕೈಯಲ್ಲಿ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಬಂಡೆ ಇಳಿಯತೊಡಗಿದಳು.

"ನಡೀರೇ, ಒಬ್ಬೊಬ್ಬರ!"